ಗತ್ತು ಬಲ್ಲವರಿಗೆ ಫಂಕ್ ಹೊಸದಲ್ಲ

ಗುಡೂರಿನಿಂದ ಇಳಕಲ್ಲಿಗೋ ಬಾಗಲಕೋಟೆಗೋ ಹೊರಡುವ ಬೆಳಗಿನ ಬಸ್ಸು ಹತ್ತಿ ನೋಡಿ. ಕಾಲೇಜಿಗೆ ಹೋಗುವವರು, ಕೋಚಿಂಗ್ ಕ್ಲಾಸಿಗೆ ಹೋಗುವವರು, ಕೆಲಸ ಹುಡುಕಿ ಹೊರಟವರು, ಬಹುತೇಕ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಹಾಡಿಗೆ ನಮ್ಮ ತಲೆಮಾರಿನಲ್ಲಿ ಬರವಿಲ್ಲ. ಅಪ್ಪಂದಿರ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಒಂದು ಕ್ಯಾಸೆಟ್ ಬರುತ್ತಿತ್ತು. ನಮಗೆ ಜಗತ್ತಿನ ಸಂಗೀತವೆಲ್ಲ ದಿನದ ಡೇಟಾ ಪ್ಯಾಕಿನೊಳಗೇ ಸಿಗುತ್ತದೆ. ಆದರೂ ನಾವು ಕೇಳುವುದು ಅದೇ ಮೂವತ್ತು ಸೆಕೆಂಡಿನ ರೀಲ್ಸ್ ತುಣುಕು, ಅದೇ ಹಾಡಿನ ಡಿಜೆ ರಿಮಿಕ್ಸ್. ಅದರಲ್ಲೂ ಮಾತು ಕೇಳುತ್ತೇವೆ, ಹಾಡುವವರ ದನಿ ಕೇಳುತ್ತೇವೆ. ಅವೆರಡನ್ನೂ ಹೊತ್ತು ನಡೆಯುವ ಲಯವನ್ನು ಮಾತ್ರ ಕೇಳಿಯೂ ಕೇಳಿಸಿಕೊಳ್ಳುವುದಿಲ್ಲ.

ಲಯವೇ ಯಜಮಾನನಾಗಿರುವ ಒಂದು ಸಂಗೀತವಿದೆ. ಅದರ ಹೆಸರು ಫಂಕ್. ಅಮೆರಿಕದ ಕಪ್ಪು ಜನ 1960ರ ದಶಕದಲ್ಲಿ ಕಟ್ಟಿದ ಸಂಗೀತ ಇದು. ‘ಅದು ಬೆಂಗಳೂರಿನ ಪಬ್ಬುಗಳಲ್ಲಿ ಕೇಳುವವರ ಸಂಗೀತ, ನಮಗ್ಯಾಕೆ ಬೇಕು?’ ಎಂದು ನಿಮಗನ್ನಿಸಬಹುದು. ನನ್ನ ವಾದ ಇದಕ್ಕೆ ಉಲ್ಟಾ. ಫಂಕ್ ಕೇಳಲು ಬೇಕಾದ ಕಿವಿ ನಮ್ಮ ಸೀಮೆಯವರಿಗೆ ಮೊದಲೇ ಇದೆ. ಹಲಗಿ, ಡೊಳ್ಳು, ಕರಡಿ ಮಜಲು, ಚೌಡಿಕೆ ಕೇಳಿ ಬೆಳೆದವರು ನಾವು. ಇನ್ನೊಂದು ಮಾತೂ ಇದೆ: ಫಂಕ್ ಅನ್ನು ಮನಸ್ಸಿಟ್ಟು ಕೇಳಿದವರು ತಮ್ಮ ಊರಿನ ಹಲಗಿ ಬಾರಿಸುವವರನ್ನು ಮೊದಲಿನಂತೆಯೇ ನೋಡುವುದು ಕಷ್ಟ.

ಎಲ್ಲರೂ ಸಮಕ್ಕೆ ಬರಬೇಕು

ಮೊದಲು ಫಂಕ್ ಎಂದರೇನು ಎಂದು ನೋಡೋಣ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಪೆಟ್ಟು ಜೋರಾಗಿ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಜೇಮ್ಸ್ ಬ್ರೌನ್ ಎಂಬ ಗಾಯಕ ಆ ಭಾರವನ್ನು ಎತ್ತಿ ಒಂದರ ಮೇಲೆ ಇಟ್ಟರು. ಮಧ್ಯೆ ಯಾರು ಏನು ಬೇಕಾದರೂ ನುಡಿಸಲಿ, ಒಂದಕ್ಕೆ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ತಬಲಾ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅದಕ್ಕೆ ‘ಸಮ’ ಎನ್ನುತ್ತಾರೆ. 1967ರಲ್ಲಿ ಬಂದ ಬ್ರೌನ್ ಅವರ ‘ಕೋಲ್ಡ್ ಸ್ವೆಟ್’ ಹಾಡನ್ನು ಅನೇಕರು ಮೊದಲ ನಿಜವಾದ ಫಂಕ್ ಹಾಡು ಎಂದು ಗುರುತಿಸುತ್ತಾರೆ.

ಅದರಲ್ಲಿ ಇನ್ನೊಂದು ಸಂಗತಿ ಇದೆ. ಗಿಟಾರ್, ಬೇಸ್, ಸ್ಯಾಕ್ಸೊಫೋನ್ ಎಲ್ಲವೂ ಚರ್ಮವಾದ್ಯಗಳಂತೆ ನಡೆದುಕೊಳ್ಳುತ್ತವೆ. ಗಿಟಾರ್ ರಾಗ ಎಳೆಯುವುದಿಲ್ಲ, ಚುಕ್ ಚುಕ್ ಎಂದು ಕಡಿದು ಕಡಿದು ನುಡಿಯುತ್ತದೆ. ಒಬ್ಬೊಬ್ಬರದೂ ಎರಡೇ ಎರಡು ಮಾತು, ಆದರೆ ಸರಿಯಾದ ಜಾಗದಲ್ಲಿ. ಉಳಿದ ಜಾಗ ಇನ್ನೊಬ್ಬರಿಗೆ. ಇದು ನಮ್ಮ ಭಾಗದ ಮಗ್ಗದಂತೆ: ಬೇಸ್ ಮತ್ತು ಡ್ರಮ್ ಹಾಸು, ಉಳಿದವೆಲ್ಲ ಹೊಕ್ಕು. ಹಾಸು ಬಿಗಿಯಾಗಿಲ್ಲದಿದ್ದರೆ ಎಂಥ ಬಣ್ಣದ ಹೊಕ್ಕು ಹಾಕಿದರೂ ಸೀರೆ ನಿಲ್ಲುವುದಿಲ್ಲ. ಬ್ರೌನ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ವೇದಿಕೆಯ ಮೇಲೆ ತಪ್ಪು ನುಡಿಸಿದ ವಾದಕರಿಗೆ ಅಲ್ಲೇ ಕೈಸನ್ನೆಯಲ್ಲಿ ದಂಡ ಹಾಕುತ್ತಿದ್ದರು.

ಹೀಗೆ ಹಲವು ವಾದ್ಯಗಳು ಒಂದನ್ನೊಂದು ಹೆಣೆದುಕೊಂಡು, ಕೇಳುವವರ ಕಾಲನ್ನು ತಾನಾಗಿಯೇ ಕುಣಿಸುವ ನಡೆಗೆ ಇಂಗ್ಲಿಷಿನಲ್ಲಿ ‘ಗ್ರೂವ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಹೊಸ ಪದ ಹುಡುಕಬೇಕಿಲ್ಲ. ಡೊಳ್ಳು, ಹಲಗಿ ಬಾರಿಸುವವರು ಲಯದ ಒಂದೊಂದು ವಿನ್ಯಾಸಕ್ಕೂ ‘ಗತ್ತು’ ಎನ್ನುತ್ತಾರೆ. ಆಡುಮಾತಿನಲ್ಲಿ ಗತ್ತು ಎಂದರೆ ಠೀವಿಯೂ ಹೌದು. ಲಯ ಮತ್ತು ಠೀವಿ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಟ್ಟಿರುವ ನಮ್ಮ ಭಾಷೆಗೆ ಫಂಕ್ ಪರಕೀಯವಾಗುವುದು ಹೇಗೆ?

ಬೈಗುಳ ಹೆಮ್ಮೆಯಾದ ಕತೆ

ಫಂಕ್ ಎಂಬ ಪದದ ಹಳೆಯ ಅರ್ಥಗಳಲ್ಲಿ ಒಂದು ಕೆಟ್ಟ ವಾಸನೆ. ಬೆವರಿನ ನಾತ. ಸಭ್ಯರು ಮೂಗು ಮುಚ್ಚಿಕೊಳ್ಳುವ ಆ ಪದವನ್ನೇ ಕಪ್ಪು ಸಂಗೀತಗಾರರು ಎತ್ತಿಕೊಂಡು ತಮ್ಮ ಸಂಗೀತಕ್ಕೆ ಹೆಸರಿಟ್ಟರು. ಹೌದು, ಇದು ಬೆವರು ಸುರಿಸುವವರ ಸಂಗೀತವೇ ಎಂದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಅಮೆರಿಕದ ಹಲವು ನಗರಗಳು ಹೊತ್ತಿ ಉರಿದವು. ಮರುದಿನ ಬಾಸ್ಟನ್‌ನಲ್ಲಿ ಜೇಮ್ಸ್ ಬ್ರೌನ್ ಕಾರ್ಯಕ್ರಮವಿತ್ತು. ಅದನ್ನು ರದ್ದು ಮಾಡದೆ ಟಿವಿಯಲ್ಲಿ ನೇರ ಪ್ರಸಾರ ಮಾಡಿದರು. ಜನ ಮನೆಯಲ್ಲೇ ಕೂತು ನೋಡಿದರು, ಆ ರಾತ್ರಿ ಬಾಸ್ಟನ್ ಬಹುಮಟ್ಟಿಗೆ ಶಾಂತವಾಗಿತ್ತು. ಕಪ್ಪು ಬಣ್ಣವನ್ನು ಹೆಮ್ಮೆಯಿಂದ ಸಾರುವ ಹಾಡನ್ನು ಬ್ರೌನ್ ಮಾಡಿದ್ದೂ ಅದೇ ವರ್ಷ. ಫಂಕ್ ಬರೀ ಕುಣಿಯುವ ಸಂಗೀತವಲ್ಲ. ತಲೆ ತಗ್ಗಿಸಿ ನಡೆಯಬೇಕಾಗಿದ್ದವರು ತಲೆ ಎತ್ತಿ ನಡೆದ ನಡಿಗೆ ಅದು.

ಆದರೆ ಈ ಕತೆಗೆ ನೋವಿನ ಮುಖವೂ ಇದೆ. ಬ್ರೌನ್ ಅವರ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮರ್ ಇದ್ದರು. 1970ರಲ್ಲಿ ಬಿಡುಗಡೆಯಾದ ‘ಫಂಕಿ ಡ್ರಮ್ಮರ್’ ಹಾಡಿನ ನಡುವೆ ಕೆಲವು ಸೆಕೆಂಡು ಉಳಿದವರೆಲ್ಲ ಸುಮ್ಮನಾಗಿ ಅವರೊಬ್ಬರೇ ಬಾರಿಸುತ್ತಾರೆ. ಮುಂದೆ ಹಿಪ್‌ಹಾಪ್ ಬಂದಾಗ ಆ ತುಣುಕನ್ನು ಕತ್ತರಿಸಿ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮರುಬಳಕೆಯಾದ ಲಯಗಳಲ್ಲಿ ಅದೂ ಒಂದು. ಹಾಡಿನ ಕರ್ತೃ ಎಂದು ಕಾಗದದಲ್ಲಿ ಸ್ಟಬಲ್‌ಫೀಲ್ಡ್ ಹೆಸರಿರಲಿಲ್ಲ. ಹಾಗಾಗಿ ಅದರಿಂದ ಹುಟ್ಟಿದ ಹಣದಲ್ಲಿ ಅವರಿಗೆ ಹೆಚ್ಚೇನೂ ದಕ್ಕಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಅವರ ಪೆಟ್ಟಿಗೆ ಕುಣಿದ ಕೋಟ್ಯಂತರ ಜನರಲ್ಲಿ ಬಹಳ ಮಂದಿಗೆ ಅವರ ಹೆಸರೂ ಗೊತ್ತಿರಲಿಲ್ಲ.

ಎಲ್ಲಿಂದ ಶುರು ಮಾಡುವುದು?

ಮೊದಲು ಒಂದು ಸಣ್ಣ ಸೂಚನೆ. ಫೋನಿನ ಸ್ಪೀಕರಿನಲ್ಲಿ ಫಂಕ್ ಕೇಳಬೇಡಿ. ಅಷ್ಟು ಪುಟ್ಟ ಸ್ಪೀಕರ್ ಬೇಸ್‌ನ ತಗ್ಗಿನ ಸ್ವರಗಳನ್ನು ಹೊರಡಿಸಲಾರದು, ಫಂಕ್‌ನ ಅರ್ಧ ಜೀವ ಇರುವುದೇ ಅಲ್ಲಿ. ಸಾಧಾರಣ ಬೆಲೆಯ ಇಯರ್‌ಫೋನ್ ಸಾಕು. ಮೊದಲ ಸಲ ಡ್ರಮ್ ಒಂದನ್ನೇ ಹಿಂಬಾಲಿಸಿ, ಎರಡನೇ ಸಲ ಬೇಸ್ ಒಂದನ್ನೇ. ಮೂರನೇ ಸಲಕ್ಕೆ ಹಾಡು ತಾನೇ ಬಿಚ್ಚಿಕೊಳ್ಳುತ್ತದೆ.

ಮೊದಲ ಬ್ಯಾಂಡ್ ನ್ಯೂ ಆರ್ಲಿಯನ್ಸ್ ನಗರದ ‘ದಿ ಮೀಟರ್ಸ್’. 1969ರಲ್ಲಿ ಬಂದ ಅವರ ‘ಸಿಸ್ಸಿ ಸ್ಟ್ರಟ್’ ಮೂರು ನಿಮಿಷದ ನುಡಿಸಾಣಿಕೆ, ಹಾಡುಗಾರಿಕೆ ಇಲ್ಲ. ನಾಲ್ಕೇ ವಾದ್ಯ. ಇಂಗ್ಲಿಷ್ ಸಾಹಿತ್ಯ ಅರ್ಥವಾಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ನಂತರ ‘ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್’. ಕಪ್ಪು ಬಿಳಿ, ಗಂಡು ಹೆಣ್ಣು ಎಲ್ಲರೂ ಕೂಡಿ ನುಡಿಸಿದ ತಂಡ. ಆ ಕಾಲಕ್ಕೆ ಅದೊಂದು ಸಾಹಸ. ಇದರ ಬೇಸ್ ವಾದಕ ಲ್ಯಾರಿ ಗ್ರಹಾಂ ಕತೆ ಕೇಳಬೇಕು. ಈ ತಂಡ ಸೇರುವ ಮೊದಲು ಅವರು ತಮ್ಮ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಜೊತೆಗೆ ಡ್ರಮ್ಮರ್ ಇಲ್ಲದಂತಾದಾಗ ಆ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿಗೆ ಬಡಿದು, ಬೆರಳಿನಿಂದ ತಂತಿ ಎಳೆದು ಬಿಟ್ಟು, ಬೇಸ್ ಗಿಟಾರಿನಲ್ಲೇ ಡ್ರಮ್ಮಿನ ಪೆಟ್ಟು ಹೊರಡಿಸಿದರು. ಇಂದು ಜಗತ್ತಿನಾದ್ಯಂತ ಕಲಿಸುವ ‘ಸ್ಲ್ಯಾಪ್ ಬೇಸ್’ ಹುಟ್ಟಿದ್ದು ಹೀಗೆ. ಇದನ್ನು ಓದುವಾಗ ಎಲ್ಲಮ್ಮನ ಜೋಗತಿಯರ ಚೌಡಿಕೆ ನೆನಪಾಗದಿದ್ದರೆ ಕೇಳಿ! ಚರ್ಮ ಬಿಗಿದ ಕೊಳಗ, ಅದಕ್ಕೊಂದು ತಂತಿ. ಮೀಟಿದರೆ ಸ್ವರವೂ ಹೌದು, ಪೆಟ್ಟೂ ಹೌದು. ಜೋಗತಿ ಕಲೆಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪುರಸ್ಕೃತರೂ ಆದರು. ಸ್ಲ್ಯಾಪ್ ಬೇಸ್ ಕಲಿಯುವ ನಮ್ಮ ಹುಡುಗರು ಚೌಡಿಕೆಯನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು.

ಮೂರನೆಯವರು ಸ್ಟೀವಿ ವಂಡರ್. 1972ರ ‘ಸೂಪರ್‌ಸ್ಟಿಷನ್’ ಮೂಢನಂಬಿಕೆಯ ಮೇಲಿನ ಹಾಡು. ಹುಟ್ಟಿದ ಕೆಲ ದಿನಗಳಲ್ಲೇ ದೃಷ್ಟಿ ಕಳೆದುಕೊಂಡ ಈ ಕಲಾವಿದ ಅದರಲ್ಲಿ ಹಾಡುವುದರ ಜೊತೆಗೆ ಡ್ರಮ್ ಮತ್ತು ಕೀಬೋರ್ಡ್ ಎರಡನ್ನೂ ತಾವೇ ನುಡಿಸಿದ್ದಾರೆ. ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡಿದ್ದ ಗದುಗಿನ ಪುಟ್ಟರಾಜ ಗವಾಯಿಗಳನ್ನು ಬಲ್ಲ ನಮಗೆ ಇದು ಬೆರಗಿನ ಸಂಗತಿಯಾದರೂ ನಂಬಲಾಗದ ಸಂಗತಿಯಲ್ಲ.

ಆಫ್ರಿಕಾದ ಕಡೆ ಹೊರಳಿದರೆ ನೈಜೀರಿಯಾದ ಫೆಲಾ ಕುಟಿ ಸಿಗುತ್ತಾರೆ. ಫಂಕ್, ಜಾಝ್ ಮತ್ತು ತಮ್ಮ ನೆಲದ ಲಯ ಕೂಡಿಸಿ ಅವರು ಕಟ್ಟಿದ್ದು ‘ಆಫ್ರೋಬೀಟ್’. ಅವರ ಡ್ರಮ್ಮರ್ ಟೋನಿ ಆ್ಯಲನ್. ಹಾಡುಗಳು ಹತ್ತು ನಿಮಿಷ, ಕೆಲವು ಇನ್ನೂ ಉದ್ದ. ಒಂದೇ ಗತ್ತು ನಿಧಾನವಾಗಿ ಏರುತ್ತ ಹೋಗುತ್ತದೆ. ಕರಡಿ ಮಜಲಿನ ಮುಂದೆ ಅರ್ಧ ತಾಸು ನಿಂತು ಕೇಳಿದವರಿಗೆ ಇದು ಉದ್ದ ಎನಿಸುವುದಿಲ್ಲ. ಸೈನಿಕ ಆಡಳಿತವನ್ನು ಲೇವಡಿ ಮಾಡಿದ್ದಕ್ಕೆ 1977ರಲ್ಲಿ ಸೈನಿಕರು ಅವರ ಮನೆಗೇ ನುಗ್ಗಿ ಸುಟ್ಟು ಹಾಕಿದರು. ಫೆಲಾ ಹಾಡುವುದನ್ನು ನಿಲ್ಲಿಸಲಿಲ್ಲ.

ಈ ಕಾಲದ ತಂಡಗಳು ಬೇಕೆಂದರೆ ಎರಡು ಹೆಸರು. ‘ಕ್ರುವಾಂಗ್‌ಬಿನ್’ ಅಮೆರಿಕದ ಟೆಕ್ಸಸ್‌ನ ಮೂವರ ತಂಡ. ಹೆಸರಿಗೆ ಥಾಯ್ ಭಾಷೆಯಲ್ಲಿ ವಿಮಾನ ಎಂದರ್ಥ. ಬರ್ಟನ್ ಎಂಬ ಪುಟ್ಟ ಊರಿನ ಕೊಟ್ಟಿಗೆಯಲ್ಲಿ ಕೂತು ಅವರು ತಮ್ಮ ನುಡಿಸಾಣಿಕೆ ಪಳಗಿಸಿಕೊಂಡರು. ರಾತ್ರಿ ಓದುವಾಗ ಹಿನ್ನೆಲೆಯಲ್ಲಿ ಕೇಳಲು ಹೇಳಿ ಮಾಡಿಸಿದಂತಿದೆ. ಇನ್ನೊಂದು ‘ವುಲ್ಫ್‌ಪೆಕ್’. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗರು 2011ರಲ್ಲಿ ಕಟ್ಟಿದ ತಂಡ. ದೊಡ್ಡ ಕಂಪನಿ, ಮ್ಯಾನೇಜರ್ ಯಾರೂ ಇಲ್ಲದೆ 2019ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣ ತುಂಬಿಸಿದರು.

ಕನ್ನಡದ ಕಿವಿಗೆ ಹತ್ತಿರದ್ದು

ನಮ್ಮಲ್ಲೂ ಇದರ ಬೇರುಗಳಿವೆ. ರಾಜ್‌ಕುಮಾರ್ ಪತ್ತೇದಾರನಾಗಿ ಬಂದ ‘ಜೇಡರ ಬಲೆ’ (1968) ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಮುಂದೆ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ಪಳಗಿದವರು ಇಳಯರಾಜ. ಅದೇ ಇಳಯರಾಜ ಶಂಕರ್ ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಸಂಗೀತ ಕೊಟ್ಟರು. ಆ ಹಾಡುಗಳನ್ನು ನಾವು ನೂರು ಸಲ ಕೇಳಿದ್ದೇವೆ. ಈಗ ಇಯರ್‌ಫೋನ್ ಹಾಕಿಕೊಂಡು ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಗಾಯಕರ ಕೆಳಗೆ ಇನ್ನೊಂದು ಹಾಡೇ ನಡೆಯುತ್ತಿರುವುದು ಗೊತ್ತಾಗುತ್ತದೆ. ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ 1996ರಿಂದ ರಾಕ್, ಜಾಝ್, ಫಂಕ್ ಕೂಡಿಸಿ ತನ್ನದೇ ಹಾಡು ಕಟ್ಟುತ್ತಿರುವ ಬ್ಯಾಂಡ್. ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ಪದಗಳಿಗೆ ಬೇಸ್, ಡ್ರಮ್ಮು ಕೂಡಿಸಿ ಹೊರದೇಶಗಳ ವೇದಿಕೆಗೂ ಕೊಂಡೊಯ್ದಿದೆ. ಶರೀಫರ ಪದಗಳನ್ನು ಭಜನಾ ಮೇಳದಲ್ಲಿ ಕೇಳಿ ಬೆಳೆದ ನಾವು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಬೇಕು.

ಬಣ್ಣ ತೊಳೆದ ಮರುದಿನ

ಈಗ ನಮ್ಮ ಊರಿಗೆ ಬರೋಣ. ಬಾಗಲಕೋಟೆಯ ಹೋಳಿ ನಾಡಿಗೆಲ್ಲ ಗೊತ್ತು. ಹಬ್ಬ ಬಂತೆಂದರೆ ಓಣಿ ಓಣಿಗಳಲ್ಲಿ ಹಲಗಿ ಸದ್ದು. ಬೆಂಕಿಗೆ ಹಿಡಿದು ಚರ್ಮ ಕಾಸಿ, ಶ್ರುತಿ ಏರಿಸಿ ಬಾರಿಸುತ್ತಾರೆ. ಆ ಕೆಲವು ದಿನ ಹಲಗಿಗೆ ಜಾತಿಯಿಲ್ಲ. ಎಲ್ಲ ಮನೆಯ ಹುಡುಗರ ಹೆಗಲಿಗೂ ಅದು ಏರುತ್ತದೆ, ಬಾರಿಸಲು ಬರುವವನೇ ಆಗ ಹೀರೊ.

ಬಣ್ಣ ತೊಳೆದ ಮರುದಿನ ಏನಾಗುತ್ತದೆ? ಹಲಗಿ ಮತ್ತೆ ‘ಅವರ’ ವಾದ್ಯ. ಸಾವಿಗೆ, ಡಂಗುರಕ್ಕೆ, ಜಾತ್ರೆಯ ಮೆರವಣಿಗೆಗೆ ದಲಿತ ಕೇರಿಯಿಂದ ಕರೆಸುವ ವಾದ್ಯ. ಕರೆಸಿದವರು ‘ಹಲಗಿಯವ್ರು ಬಂದ್ರೇನು?’ ಎಂದು ಕೇಳುತ್ತಾರೆಯೇ ಹೊರತು ಹೆಸರು ಕೇಳುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿದ ಡಿಜೆಗೆ ಕೇಳಿದಷ್ಟು ಬಾಡಿಗೆ ಕೊಡುವವರು ಹಲಗಿ ಮೇಳದ ಮುಂದೆ ಚೌಕಾಶಿಗೆ ನಿಲ್ಲುತ್ತಾರೆ. ಊಟದ ಹೊತ್ತಿಗೆ ಅವರ ಪಂಕ್ತಿ ಇಂದಿಗೂ ಎಷ್ಟೋ ಕಡೆ ಎಲ್ಲರದಾದ ಮೇಲೆ. ಫಂಕ್ ಪದದ ಹಿಂದಿನ ಕತೆ ಕೇಳಿ ದೂರದ ಅಮೆರಿಕದ ಬಗ್ಗೆ ಮರುಗುವ ನಾವು ಇದನ್ನು ನೋಡಿಯೂ ನೋಡದಂತೆ ಇರಲಾಗದು.

ಇಲ್ಲೊಂದು ಎಚ್ಚರ ಬೇಕು. ‘ನಿಮ್ಮ ಕಲೆ ಅಳಿಯುತ್ತಿದೆ, ಉಳಿಸಿ’ ಎಂದು ಆ ಕೇರಿಯ ಹುಡುಗರಿಗೆ ಉಪದೇಶ ಮಾಡುವ ಹಕ್ಕು ಉಳಿದವರಿಗಿಲ್ಲ. ಅವಮಾನದ ಜೊತೆ ಬಂದ ಹಲಗಿಯನ್ನು ಕೆಳಗಿಟ್ಟು ಓದಿ ನೌಕರಿ ಹಿಡಿದವರ ನಿರ್ಧಾರ ಅವರದು, ಅದು ಸರಿಯೂ ಹೌದು. ಬದಲಾಗಬೇಕಾದವರು ಕೇಳುವವರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ದೇಶ ತಮಟೆಯನ್ನು ಸಂಗೀತ ಎಂದು ಒಪ್ಪಿಕೊಂಡಿದೆ. ಊರೂ ಒಪ್ಪಿಕೊಳ್ಳಲಿ.

‘ನೌಕರಿ ಸಿಗದೆ ಕೂತವರಿಗೆ ಇದೆಲ್ಲ ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಫಂಕ್ ಕೇಳಿದರೆ ಪರೀಕ್ಷೆ ಪಾಸಾಗುವುದಿಲ್ಲ. ಆದರೆ ಸ್ಟಬಲ್‌ಫೀಲ್ಡ್ ಕತೆಯಲ್ಲಿ ನಮಗೆ ನೇರವಾಗಿ ತಾಕುವ ಪಾಠವೊಂದಿದೆ. ನಮ್ಮ ಭಾಗದಲ್ಲಿ ಜಾನಪದ ಹಾಡುಗಳ ಯೂಟ್ಯೂಬ್ ಚಾನೆಲ್‌ಗಳು ಬೇಕಾದಷ್ಟಿವೆ. ಅಲ್ಲಿ ಹಾಡುವ, ಪ್ಯಾಡ್ ಬಾರಿಸುವ, ಕೀಬೋರ್ಡ್ ನುಡಿಸುವ ಎಷ್ಟೋ ಗೆಳೆಯರು ಒಂದು ದಿನದ ಸಂಭಾವನೆ ತಗೊಂಡು ಮನೆಗೆ ಬರುತ್ತಾರೆ. ಹಾಡು ಲಕ್ಷಗಟ್ಟಲೆ ಜನರನ್ನು ಮುಟ್ಟಿದರೂ ಅವರ ಹೆಸರು ಎಲ್ಲೂ ಇರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶನ ಕಲಾವಿದರಿಗೂ ವಾಣಿಜ್ಯ ಬಳಕೆಯ ರಾಯಲ್ಟಿಯಲ್ಲಿ ಹಕ್ಕು ಕೊಟ್ಟಿದೆ. ರೆಕಾರ್ಡಿಂಗಿಗೆ ಹೋಗುವ ಮುನ್ನ ಹೆಸರು ಎಲ್ಲಿ ಬರುತ್ತದೆ, ಪಾಲು ಎಷ್ಟು ಎಂದು ಕೇಳಿ. ಒಂದು ಹಾಳೆಯ ಮೇಲಾದರೂ ಬರೆಸಿ, ಸಹಿ ಮಾಡಿಸಿಕೊಳ್ಳಿ. ನಾಚಿಕೆ ಪಡುವ ಮಾತಲ್ಲ ಇದು, ದುಡಿಮೆಯ ಲೆಕ್ಕ.

ಕಾಲೇಜಿನಲ್ಲಿರುವವರು ಮಾಡಬಹುದಾದದ್ದು ಇನ್ನೂ ಸುಲಭ. ಈ ಸಲದ ಗ್ಯಾದರಿಂಗ್‌ಗೆ ಡಿಜೆ ಕರೆಸುವ ಹಣದಲ್ಲಿ ಅರ್ಧವನ್ನು ಸುತ್ತಲಿನ ಊರಿನ ಒಂದು ಹಲಗಿ ಮೇಳಕ್ಕೋ ಕರಡಿ ಮಜಲಿಗೋ ಮೀಸಲಿಡಿ. ಗೇಟಿನಿಂದ ಅತಿಥಿಗಳನ್ನು ಕರೆತರುವ ಕೆಲಸಕ್ಕಷ್ಟೇ ಅವರನ್ನು ಬಳಸಬೇಡಿ. ವೇದಿಕೆಯ ಮೇಲೆ ಅರ್ಧ ತಾಸು ಕೊಡಿ, ಮೈಕ್ ಕೊಡಿ, ಕುರ್ಚಿ ಕೊಡಿ. ಮಾತಾಡಿದ ಹಣವನ್ನು ಅದೇ ದಿನ ಕೈಗಿಡಿ, ಊಟಕ್ಕೆ ಅತಿಥಿಗಳ ಪಂಕ್ತಿಯಲ್ಲೇ ಕೂರಿಸಿ. ಗಿಟಾರ್ ನುಡಿಸುವ ಹುಡುಗ, ಕ್ಯಾಜಾನ್ ಬಾರಿಸುವ ಹುಡುಗಿ ನಿಮ್ಮ ಕ್ಲಾಸಿನಲ್ಲಿದ್ದರೆ ಅವರು ಎರಡು ದಿನ ಮೊದಲೇ ಹೋಗಿ ಮೇಳದವರ ಹತ್ತಿರ ಒಂದು ಗತ್ತು ಕಲಿಯಲಿ. ಆಮಂತ್ರಣ ಪತ್ರಿಕೆಯಲ್ಲಿ ‘ಹಲಗಿ ಮೇಳ’ ಎಂದಷ್ಟೇ ಅಚ್ಚು ಹಾಕಿಸದೆ, ಮುಖ್ಯ ಅತಿಥಿಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬಾರಿಸುವ ಒಬ್ಬೊಬ್ಬರ ಹೆಸರನ್ನೂ ಹಾಕಿಸಿ.